ಗಾಳಿ ತಡವಾದರೆ ಕಪ್ಪು ಹೊಗೆ: ಹಡಗಿನ ಟರ್ಬೊ ಡೀಸೆಲ್‌ಗಳ ಸಮೀಕ್ಷೆ

ಪಣಂಬೂರಿನ ನವಮಂಗಳೂರು ಬಂದರಿನಿಂದ ಸರಕು ಹಡಗು ಹೊರಡುವುದನ್ನು ದಡದಿಂದ ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರುತ್ತದೆ. ನಡುಗಡಲಿನಲ್ಲಿ ಪೂರ್ಣ ವೇಗದಲ್ಲಿ ಓಡುವಾಗ, ಅಂದರೆ ಗಂಟೆಗೆ ಟನ್ನುಗಟ್ಟಲೆ ಎಣ್ಣೆ ಉರಿಸುವಾಗ, ಒಳ್ಳೆಯ ಸ್ಥಿತಿಯಲ್ಲಿರುವ ಹಡಗಿನ ಚಿಮಣಿಯ ಮೇಲೆ ಬಿಸಿಗಾಳಿ ನಡುಗುವುದು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಕಪ್ಪು ಹೊಗೆ ಏಳುವುದು ಬಂದರಿನ ಒಳಗೆ, ಎಂಜಿನ್ ತೀರ ಕಡಿಮೆ ಎಣ್ಣೆ ಕುಡಿಯುವ ಹೊತ್ತಿನಲ್ಲಿ. ನಿಧಾನದಿಂದ ಅರ್ಧ ವೇಗಕ್ಕೆ ಏರಿಸಿದ ಕೂಡಲೆ ಒಂದು ದಟ್ಟ ಮೋಡ ಹೊರಬಂದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ತೆಳುವಾಗುತ್ತದೆ. ಹೊಗೆಯನ್ನು ಎಣ್ಣೆಯ ದೋಷ, ಹಳೆ ಎಂಜಿನ್ನಿನ ದೋಷ ಎಂದಷ್ಟೇ ತಿಳಿದವರಿಗೆ ಇದು ಅರ್ಥವಾಗುವುದಿಲ್ಲ. ಎಣ್ಣೆ ಅದೇ, ಎಂಜಿನ್ ಅದೇ. ತಡವಾದದ್ದು ಗಾಳಿ.

ಟರ್ಬೊಚಾರ್ಜರ್ ಇರುವ ಹಡಗಿನ ಡೀಸೆಲ್‌ಗಳಲ್ಲಿ ಹೊಗೆ ತಗ್ಗಿಸಲು ನೂರು ವರ್ಷಗಳಿಂದ ನಡೆದಿರುವ ಕೆಲಸವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಎರಡು ದಾರಿ ಕಾಣುತ್ತವೆ. ಗಾಳಿ ಬರುವ ತನಕ ಎಣ್ಣೆಯನ್ನು ಕಾಯಿಸುವುದು ಒಂದು. ಎಣ್ಣೆ ಬರುವ ಹೊತ್ತಿಗೆ ಗಾಳಿಯನ್ನು ಓಡಿಸಿ ತರುವುದು ಇನ್ನೊಂದು. ಮೊದಲನೆಯದು ಅಗ್ಗ, ಎರಡನೆಯದು ದುಬಾರಿ. ಆದರೂ ಹಡಗಿನ ವಿಷಯದಲ್ಲಿ ಎರಡನೆಯ ದಾರಿಯೇ ಸರಿ ಎಂದು ನಾನು ನಂಬಿದ್ದೇನೆ. ಕಾರಣ ಮುಂದೆ ಬರುತ್ತದೆ.

ಮೊದಲು ಲೆಕ್ಕ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಮಧ್ಯಮ ವೇಗದ ಒಂದು ಆಧುನಿಕ ಎಂಜಿನ್ ಒಂದು ಕಿಲೋವ್ಯಾಟ್ ಗಂಟೆಗೆ 190 ಗ್ರಾಂ ಆಸುಪಾಸು ಎಣ್ಣೆ ಉರಿಸುತ್ತದೆ. ಅದಕ್ಕೆ ಲೆಕ್ಕದ ಪ್ರಕಾರ ಬೇಕಾದ ಗಾಳಿ 2.75 ಕಿಲೋ. ಆದರೆ ಪೂರ್ಣ ಲೋಡಿನಲ್ಲಿ ಆ ಎಂಜಿನ್ ಎಳೆದುಕೊಳ್ಳುವುದು ಸುಮಾರು 7 ಕಿಲೋ. 10,000 ಕಿಲೋವ್ಯಾಟ್ ಎಂಜಿನ್ ಎಂದರೆ ಗಂಟೆಗೆ 70 ಟನ್ ಗಾಳಿ. ಇಷ್ಟು ಹೆಚ್ಚುವರಿ ಯಾಕೆಂದರೆ, ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಮತ್ತು ಗಾಳಿ ಮೊದಲೇ ಬೆರೆತು ಬರುವುದಿಲ್ಲ. ಬಿಸಿಯಾಗಿ ಒತ್ತಿ ನಿಂತ ಗಾಳಿಯೊಳಗೆ ಎಣ್ಣೆಯನ್ನು ಸಿಂಪಡಿಸಲಾಗುತ್ತದೆ. ನಿಮಿಷಕ್ಕೆ 750 ಸುತ್ತಿನ ಎಂಜಿನ್ನಿನಲ್ಲಿ ಈ ಸಿಂಪಡಣೆ ಮುಗಿಯುವುದು ಐದಾರು ಮಿಲಿಸೆಕೆಂಡಿನಲ್ಲಿ. ಆ ಅವಧಿಯಲ್ಲಿ ಪ್ರತಿ ಹನಿಗೂ ಆಮ್ಲಜನಕ ಸಿಗಬೇಕು. ಸಿಂಪಡಣೆಯ ನಡುಭಾಗದಲ್ಲಿ ಎಣ್ಣೆ ದಟ್ಟವಾಗಿ, ಗಾಳಿ ವಿರಳವಾಗಿ ಇರುವ ಕಡೆ ಮಸಿ ಹುಟ್ಟಿಯೇ ಹುಟ್ಟುತ್ತದೆ. ಅದು ಪ್ರತಿಯೊಂದು ಡೀಸೆಲ್ಲಿನಲ್ಲೂ ಆಗುವಂಥದ್ದು. ಸುತ್ತ ಸಾಕಷ್ಟು ಬಿಸಿ ಆಮ್ಲಜನಕ ಇದ್ದರೆ ಹುಟ್ಟಿದ ಮಸಿ ಅಲ್ಲೇ ಉರಿದುಹೋಗುತ್ತದೆ, ಇಲ್ಲದಿದ್ದರೆ ಚಿಮಣಿ ಸೇರುತ್ತದೆ. ಹಾಗಾಗಿ ಆ ಹೆಚ್ಚುವರಿ ಗಾಳಿಯನ್ನು ದುಂದು ಎನ್ನುವಂತಿಲ್ಲ. ಹುಟ್ಟಿದ ಮಸಿಯನ್ನು ಸುಡುವುದು ಅದೇ.

ಕಪ್ಪು ಹೊಗೆಯ ಜೊತೆ ಬಿಳಿ ಮತ್ತು ನೀಲಿ ಹೊಗೆಯನ್ನು ಬೆರೆಸಬಾರದು. ನೀಲಿ ಎಂದರೆ ಲೂಬ್ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗೋ ಟರ್ಬೊ ಸೀಲೋ ಸೋತಿದೆ. ಬಿಳಿ ಎಂದರೆ ಸಿಲಿಂಡರ್ ತಣ್ಣಗಿದೆ, ಎಣ್ಣೆ ಆವಿಯಾಗಿ ಉರಿಯದೆ ಹೋಗುತ್ತಿದೆ. ಗಾಳಿಯ ಹತೋಟಿ ಮುಖ್ಯವಾಗಿ ಕಪ್ಪಿಗೆ ಮದ್ದು, ಸ್ವಲ್ಪ ಮಟ್ಟಿಗೆ ಬಿಳಿಗೂ.

ಗಾಳಿ ತಡವಾಗುವ ಸಮಸ್ಯೆ ಟರ್ಬೊಚಾರ್ಜರಿನ ಜೊತೆಗೇ ಹುಟ್ಟಿದ್ದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆ ಇಷ್ಟೇ: ಹೊರಹೋಗುವ ಬಿಸಿ ಎಕ್ಸಾಸ್ಟ್ ಒಂದು ಟರ್ಬೈನನ್ನು ತಿರುಗಿಸಲಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಲಿ. ಸಾಗರಯಾನಕ್ಕೆಂದೇ ಡೀಸೆಲ್ ಹಾಕಿಕೊಂಡ ಸೆಲಾಂಡಿಯಾ 1912ರಲ್ಲಿ ಕೋಪನ್‌ಹೇಗನ್ನಿನಿಂದ ಹೊರಟಾಗ ಅದರಲ್ಲಿ ಟರ್ಬೊ ಇರಲಿಲ್ಲ. ಬ್ಯೂಶಿಯ ಕಲ್ಪನೆ ಹಡಗು ಹತ್ತಿದ್ದು 1920ರ ದಶಕದಲ್ಲಿ, ಪ್ರಾಯ್ಸೆನ್ ಮತ್ತು ಹಾನ್ಸೆಸ್ಟಾಟ್ ಡಾನ್ಸಿಗ್ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳಲ್ಲಿ. ಅವುಗಳ ಹತ್ತು ಸಿಲಿಂಡರಿನ ಎಂಜಿನ್ 1,750 ಅಶ್ವಶಕ್ತಿಯಿಂದ 2,500ಕ್ಕೆ ಏರಿತು. ದೊಡ್ಡ ಟು-ಸ್ಟ್ರೋಕ್ ಎಂಜಿನ್ನಿಗೆ ಟರ್ಬೊ ಒಗ್ಗಲು ಇನ್ನೂ ಕಾಲು ಶತಮಾನ ಹಿಡಿಯಿತು. 1952ರಲ್ಲಿ ಡೆನ್ಮಾರ್ಕಿನ ಡೋರ್ಥೆ ಮೇರ್ಸ್ಕ್ ಎಂಬ ಟ್ಯಾಂಕರಿನಲ್ಲಿ ಬರ್ಮೈಸ್ಟರ್ ಮತ್ತು ವೈನ್ ಕಂಪನಿ ಅದನ್ನು ಸಾಧಿಸಿತು.

ಈ ಏರ್ಪಾಟಿನಲ್ಲಿ ಒಂದು ಸರಪಳಿ ಅಡಗಿದೆ. ಗಾಳಿ ಹೆಚ್ಚಾಗಬೇಕಾದರೆ ಟರ್ಬೊ ವೇಗವಾಗಿ ತಿರುಗಬೇಕು. ಟರ್ಬೊ ತಿರುಗಬೇಕಾದರೆ ಎಕ್ಸಾಸ್ಟ್ ಬಿಸಿಯಾಗಬೇಕು. ಎಕ್ಸಾಸ್ಟ್ ಬಿಸಿಯಾಗಬೇಕಾದರೆ ಎಣ್ಣೆ ಹೆಚ್ಚು ಉರಿಯಬೇಕು. ಅಂದರೆ ಎಣ್ಣೆಯೇ ಯಾವಾಗಲೂ ಮುಂದೆ, ಗಾಳಿ ಯಾವಾಗಲೂ ಹಿಂದೆ. ವೇಗ ಕಾಯುವ ಗವರ್ನರ್, ಎಣ್ಣೆಯ ಅಳತೆ ಬದಲಿಸುವ ಫ್ಯುಯೆಲ್ ರ‍್ಯಾಕನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತಳ್ಳಬಲ್ಲದು. ಭಾರವಾದ ರೋಟರ್ ಹೊಸ ವೇಗಕ್ಕೆ ಏರಲು ಹಲವು ಸೆಕೆಂಡು ಬೇಕು, ದೊಡ್ಡ ಟರ್ಬೊಗಳಿಗೆ ಅದಕ್ಕೂ ಹೆಚ್ಚು. ನಡುವಿನ ಆ ಅಂತರದಲ್ಲಿ ಆಗುವುದು, ಒಲೆಗೆ ಸೌದೆ ತುರುಕಿ ಆಮೇಲೆ ಊದುಗೊಳವೆ ಹುಡುಕಿದಾಗ ಅಡುಗೆಮನೆಯಲ್ಲಿ ಆಗುವುದೇ.

ಎಣ್ಣೆಯನ್ನು ಕಾಯಿಸುವ ದಾರಿಯನ್ನು ಮೊದಲು ನೋಡೋಣ, ಅದರ ಉಪಕರಣ ನೋಡಲು ಸರಳವಾಗಿದೆ. ಮೀನುಗಾರಿಕೆ ದೋಣಿಗೂ ಟಗ್ಗಿಗೂ ಹಾಕುವ ಎಂಜಿನ್‌ಗಳ ಫ್ಯುಯೆಲ್ ಪಂಪಿನ ಮೇಲೆ ಅಥವಾ ಪಕ್ಕದಲ್ಲಿ, ಅಂಗೈಯಲ್ಲಿ ಹಿಡಿಸುವ ಒಂದು ದುಂಡನೆಯ ಡಬ್ಬಿ ಇರುತ್ತದೆ. ಒಳಗೆ ರಬ್ಬರಿನ ಒಂದು ಪೊರೆ, ಅದರ ಕೆಳಗೆ ಒಂದು ಸ್ಪ್ರಿಂಗ್. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಬರುವ ಒಂದು ಸಪೂರ ಪೈಪು ಪೊರೆಯ ಮೇಲ್ಭಾಗಕ್ಕೆ ಸೇರುತ್ತದೆ. ಗಾಳಿಯ ಒತ್ತಡ ಕಡಿಮೆ ಇದ್ದಾಗ ಸ್ಪ್ರಿಂಗ್ ಗೆದ್ದು ರ‍್ಯಾಕ್ ಒಂದು ಹಂತಕ್ಕಿಂತ ಮುಂದೆ ಹೋಗದಂತೆ ತಡೆಯುತ್ತದೆ. ಟರ್ಬೊ ಎದ್ದು ಒತ್ತಡ ಬಂದ ಹಾಗೆ ಪೊರೆ ಕೆಳಗಿಳಿದು ತಡೆ ಸರಿಯುತ್ತದೆ. ಕಮ್ಮಿನ್ಸ್ ಎಂಜಿನ್ ಬಿಚ್ಚಿದವರು ಇದನ್ನು ಅನೆರಾಯ್ಡ್ ಅಥವಾ ಎಎಫ್‌ಸಿ ಎನ್ನುತ್ತಾರೆ, ಬಾಷ್ ಪಂಪಿನವರು ಎಲ್‌ಡಿಎ ಎನ್ನುತ್ತಾರೆ. ದೊಡ್ಡ ಎಂಜಿನ್‌ಗಳಲ್ಲಿ ಇದೇ ಕೆಲಸವನ್ನು ಗವರ್ನರಿನೊಳಗಿನ ಬೂಸ್ಟ್ ಲಿಮಿಟರ್ ಮಾಡುತ್ತದೆ. ಈಗಿನ ಎಲೆಕ್ಟ್ರಾನಿಕ್ ಎಂಜಿನ್‌ಗಳಲ್ಲಿ ಒತ್ತಡದ ಒಂದು ಸೆನ್ಸರ್ ಮತ್ತು ಕಂಪ್ಯೂಟರಿನಲ್ಲಿ ಬರೆದಿಟ್ಟ ಒಂದು ಕೋಷ್ಟಕ ಸಾಕು: ಇಷ್ಟು ಗಾಳಿಗೆ ಇಷ್ಟೇ ಎಣ್ಣೆ.

ಇಷ್ಟು ಸರಳವಾದ ಸಾಧನವೇ ದೋಣಿಗಳಲ್ಲಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದೂ ಹೌದು. ಪೊರೆ ಹರಿದರೆ ಎಂಜಿನ್ ಮಂಕಾಗುತ್ತದೆ, ಎಳೆಯುವುದಿಲ್ಲ. ಕಾರಣ ಹುಡುಕುವ ಬದಲು ಸ್ಪ್ರಿಂಗನ್ನು ಸಡಿಲಿಸಿ, ಸ್ಟಾಪರನ್ನು ತಿರುಗಿಸಿ ತಡೆಯನ್ನೇ ತೆಗೆದುಬಿಡುವುದು ಸುಲಭ. ಎಂಜಿನ್ ಮತ್ತೆ ಚುರುಕಾಗುತ್ತದೆ, ಮೆಕಾನಿಕ್ಕಿಗೆ ಒಳ್ಳೆಯ ಹೆಸರು ಬರುತ್ತದೆ. ಆದರೆ ಪ್ರತಿ ಸಲ ಥ್ರಾಟಲ್ ಒತ್ತಿದಾಗ ಏಳುವ ಕಪ್ಪು ಹೊಗೆ ಎಂದರೆ ಹೊರಗೆ ಹೋದ ದುಡ್ಡು, ಟರ್ಬೈನಿನ ಮೇಲೆ ಕೂತ ಮಸಿ, ವಾಲ್ವಿನ ಮೇಲೆ ಬಿದ್ದ ಬಿಸಿ. ಅದಕ್ಕಿಂತ ದೊಡ್ಡದು ಅದನ್ನು ಉಸಿರಾಡುವ ಮನುಷ್ಯರ ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಡೀಸೆಲ್ ಎಕ್ಸಾಸ್ಟನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಬಂದರಿನಲ್ಲಿ ದಿನವಿಡೀ ದುಡಿಯುವವರಿಗೆ ಇದು ದೂರದ ಸುದ್ದಿಯಲ್ಲ.

ಇಷ್ಟಾದರೂ ಎಣ್ಣೆಯನ್ನು ಕಾಯಿಸುವುದನ್ನೇ ಪೂರ್ತಿ ನೆಚ್ಚಿಕೊಳ್ಳುವುದು ಹಡಗಿಗೆ ಹೊಂದುವುದಿಲ್ಲ. ಲಾರಿ ಎರಡು ಸೆಕೆಂಡು ತಡವಾಗಿ ಎದ್ದರೆ ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಅಷ್ಟೆ. ಕಿರಿದಾದ ಕಾಲುವೆಯಲ್ಲಿ ಅಡ್ಡಗಾಳಿಗೆ ಸಿಕ್ಕ ಹಡಗಿಗೆ ಎಂಜಿನ್ ಕೂಡಲೆ ಎದ್ದು ಚುಕ್ಕಾಣಿಯ ಮೇಲೆ ನೀರು ತಳ್ಳದಿದ್ದರೆ ಅಪಾಯ. ಅದಕ್ಕೇ ದೊಡ್ಡ ಹಡಗುಗಳ ಕಂಟ್ರೋಲಿನಲ್ಲಿ ಲಿಮಿಟರುಗಳನ್ನು ರದ್ದುಮಾಡುವ ಒಂದು ಗುಂಡಿಯೇ ಇರುತ್ತದೆ. ತುರ್ತಿನಲ್ಲಿ ಅದನ್ನು ಒತ್ತಿದರೆ ಎಣ್ಣೆಗೆ ತಡೆಯಿಲ್ಲ, ಹೊಗೆ ಬಂದರೆ ಬರಲಿ, ಹಡಗು ಉಳಿಯಲಿ. ಹೊಗೆಗೂ ಸುರಕ್ಷತೆಗೂ ನಡುವೆ ಆಯ್ಕೆ ಮಾಡುವ ಪ್ರಸಂಗ ಆದಷ್ಟು ಬಾರದಂತೆ ಎಂಜಿನ್ನನ್ನು ಕಟ್ಟಬೇಕು. ಗಾಳಿಯನ್ನು ಬೇಗ ತರುವ ದಾರಿಯನ್ನು ನಾನು ಮೇಲೆಂದು ಎಣಿಸುವುದು ಈ ಕಾರಣಕ್ಕೆ.

ಆ ದಾರಿಯಲ್ಲಿ ಮೊದಲು ನಡೆದವನೂ ಬ್ಯೂಶಿಯೇ. ಪ್ರತಿ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದಾಗ ಒಂದು ಒತ್ತಡದ ಅಲೆ ಏಳುತ್ತದೆ. ಸಪೂರ ಪೈಪುಗಳಲ್ಲಿ ಆ ಅಲೆಯನ್ನು ಚದುರದಂತೆ ಟರ್ಬೈನಿಗೆ ಮುಟ್ಟಿಸಿದರೆ ಕಡಿಮೆ ಲೋಡಿನಲ್ಲೂ ರೋಟರ್ ಬೇಗ ಏಳುತ್ತದೆ. ಇದು ಪಲ್ಸ್ ಪದ್ಧತಿ. ಇದಕ್ಕೆ ಎದುರಾದದ್ದು ಎಲ್ಲ ಸಿಲಿಂಡರುಗಳ ಎಕ್ಸಾಸ್ಟನ್ನೂ ಒಂದೇ ದೊಡ್ಡ ರಿಸೀವರಿಗೆ ಬಿಟ್ಟು, ಸಮ ಒತ್ತಡದಲ್ಲಿ ಟರ್ಬೈನಿಗೆ ಕೊಡುವ ಪದ್ಧತಿ. ಪೂರ್ಣ ಲೋಡಿನಲ್ಲಿ ಇದು ಹೆಚ್ಚು ದಕ್ಷ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಒಂದೊಂದು ಗ್ರಾಂ ಎಣ್ಣೆಯೂ ಲೆಕ್ಕಕ್ಕೆ ಬಂದಾಗ ದೊಡ್ಡ ಟು-ಸ್ಟ್ರೋಕ್‌ಗಳೆಲ್ಲ ಸಮ ಒತ್ತಡಕ್ಕೆ ತಿರುಗಿದವು. ನಡುಗಡಲಿನ ಎಣ್ಣೆ ಉಳಿಯಿತು. ಅದರ ಬೆಲೆಯನ್ನು ಬಂದರಿನ ಒಳಗೆ ತೆರಬೇಕಾಯಿತು, ಯಾಕೆಂದರೆ ಕಡಿಮೆ ಲೋಡಿನಲ್ಲಿ ಟರ್ಬೊ ಸಾಕಷ್ಟು ಗಾಳಿ ಕೊಡಲಾರದು. ಟು-ಸ್ಟ್ರೋಕ್ ಎಂಜಿನ್ನಿಗೆ ಹಳೆ ಹೊಗೆಯನ್ನು ಹೊರಗೆ ನೂಕಲೂ ಹೊರಗಿನ ಗಾಳಿಯೇ ಗತಿ. ಹಾಗಾಗಿ ಈ ಎಂಜಿನ್‌ಗಳ ಪಕ್ಕದಲ್ಲಿ ಕರೆಂಟಿನಿಂದ ಓಡುವ ಆಕ್ಸಿಲಿಯರಿ ಬ್ಲೋವರುಗಳು ಬಂದವು. ಎಂಜಿನ್ ಶುರುವಾಗುವ ಮೊದಲೇ ಇವು ಓಡತೊಡಗುತ್ತವೆ, ಲೋಡು ಮೂವತ್ತು ನಲವತ್ತು ಪ್ರತಿಶತ ದಾಟಿ ಸ್ಕ್ಯಾವೆಂಜ್ ಒತ್ತಡ, ಅಂದರೆ ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ, ಏರಿದ ಮೇಲೆ ತಾವಾಗಿಯೇ ನಿಲ್ಲುತ್ತವೆ. ಎರಡು ಬ್ಲೋವರುಗಳಲ್ಲಿ ಒಂದು ಕೆಟ್ಟರೆ ಬಂದರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಚಿಮಣಿಯೇ ಹೇಳುತ್ತದೆ.

ಬ್ಲೋವರಿಗೆ ಬದಲಾಗಿ ಟರ್ಬೊವನ್ನೇ ಎಂಜಿನ್ನಿಗೆ ಗೇರಿನಿಂದ ಕಟ್ಟಿದ ಒಂದು ಪರಿಹಾರವಿದೆ. ಅದರ ಪರಿಚಯಕ್ಕೆ ಕನ್ನಡಿಗರು ಕಡಲಿಗೆ ಹೋಗಬೇಕಾಗಿಲ್ಲ, ಹುಬ್ಬಳ್ಳಿಯ ಡೀಸೆಲ್ ಶೆಡ್ಡಿಗೆ ಹೋದರೆ ಸಾಕು. ಅಮೆರಿಕದ ಇಎಂಡಿ ಕಂಪನಿಯ 645 ಮತ್ತು 710 ಮಾದರಿಯ ಟು-ಸ್ಟ್ರೋಕ್ ಎಂಜಿನ್‌ಗಳು ಅಲ್ಲಿನ ಟಗ್ಗುಗಳಲ್ಲೂ ನದಿಯ ಟೋಬೋಟುಗಳಲ್ಲೂ ದಶಕಗಳಿಂದ ದುಡಿಯುತ್ತಿವೆ. ಅದೇ 710 ನಮ್ಮ ರೈಲ್ವೆಯ ಡಬ್ಲ್ಯುಡಿಜಿ-4 ಲೋಕೊದ ಹೃದಯ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟಿನಿಂದ ಗೇರುಗಳ ಸಾಲು ಟರ್ಬೊ ತನಕ ಹೋಗುತ್ತದೆ, ನಡುವೆ ಒಂದು ಒಮ್ಮುಖ ಕ್ಲಚ್. ಕಡಿಮೆ ಲೋಡಿನಲ್ಲಿ ಎಂಜಿನ್ನೇ ಕಂಪ್ರೆಸರನ್ನು ತಿರುಗಿಸುತ್ತದೆ. ಲೋಡು ಹೆಚ್ಚಾಗಿ ಎಕ್ಸಾಸ್ಟಿಗೆ ಬಲ ಬಂದಾಗ ಟರ್ಬೈನ್ ಗೇರಿಗಿಂತ ಮುಂದೆ ಓಡುತ್ತದೆ, ಕ್ಲಚ್ ಬಿಟ್ಟುಕೊಳ್ಳುತ್ತದೆ. ಕ್ಯಾಸಲ್‌ರಾಕ್ ಘಾಟಿನಲ್ಲಿ ಹಳೆಯ ಆಲ್ಕೊ ಲೋಕೊಗಳು ಒಂದೊಂದು ನಾಚ್ ಏರಿಸಿದಾಗಲೂ ಉಗುಳುತ್ತಿದ್ದ ಕಪ್ಪು ಮೋಡವನ್ನೂ ಇವುಗಳ ಹೊಗೆಯನ್ನೂ ಹೋಲಿಸಿ ನೋಡಿದವರಿಗೆ ಗಾಳಿ ಕೈಗೆ ಸಿಗುವಂತಿದ್ದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಆಲ್ಕೊದ ಟರ್ಬೊ ಪೂರ್ತಿಯಾಗಿ ಎಕ್ಸಾಸ್ಟನ್ನೇ ನೆಚ್ಚಿದ್ದು. ಗೇರು, ಕ್ಲಚ್ಚುಗಳ ನಿರ್ವಹಣೆ ಸುಲಭವಲ್ಲ ಎಂಬುದೂ ನಿಜ. ಕ್ಲಚ್ ಸೋತರೆ ಟರ್ಬೊವನ್ನೇ ಇಳಿಸಬೇಕು.

ಮಧ್ಯಮ ವೇಗದ ಫೋರ್-ಸ್ಟ್ರೋಕ್ ಎಂಜಿನ್‌ಗಳಲ್ಲಿ, ಅದರಲ್ಲೂ ಹಡಗಿಗೆ ಕರೆಂಟು ಕೊಡುವ ಜನರೇಟರುಗಳಲ್ಲಿ, ಜೆಟ್ ಅಸಿಸ್ಟ್ ಎಂಬ ಏರ್ಪಾಟು ಚೆನ್ನಾಗಿ ಬೇರೂರಿದೆ. ಎಂಜಿನ್ ಶುರುಮಾಡಲೆಂದು ಹಡಗಿನಲ್ಲಿ 30 ಬಾರ್ ಒತ್ತಡದ ಗಾಳಿಯ ಬಾಟಲಿಗಳು ಹೇಗೂ ಇರುತ್ತವೆ. ಆ ಗಾಳಿಯ ಒತ್ತಡವನ್ನು ಇಳಿಸಿ, ಕಂಪ್ರೆಸರ್ ಚಕ್ರದ ಸುತ್ತ ಕೊರೆದ ಸಣ್ಣ ರಂಧ್ರಗಳಿಂದ ಓರೆಯಾಗಿ ಅದರ ಅಲಗುಗಳ ಮೇಲೆ ಬಿಡುತ್ತಾರೆ. ಕೆಲವೇ ಸೆಕೆಂಡುಗಳ ಕೆಲಸ. ರೋಟರ್ ಜಿಗಿದು ಏಳುತ್ತದೆ, ಬಿಟ್ಟ ಗಾಳಿಯೂ ಸಿಲಿಂಡರಿಗೇ ಸೇರುತ್ತದೆ. ಬೋ ಥ್ರಸ್ಟರಿನಂಥ ದೊಡ್ಡ ಮೋಟರ್ ಒಮ್ಮೆಲೇ ಶುರುವಾದಾಗ ಜನರೇಟರಿನ ಸುತ್ತು ಕುಸಿಯದಂತೆ ಕಾಯಲು ಇದನ್ನು ತಂದದ್ದು. ಹೊಗೆ ಇಳಿದದ್ದು ಅದರ ಜೊತೆಗೇ ಬಂದ ಲಾಭ. ಆದರೆ ಬಾಟಲಿಯ ಗಾಳಿ ಪುಕ್ಕಟೆಯಲ್ಲ. ಪದೇ ಪದೇ ಬಳಸುವ ಹಡಗಿಗೆ ದೊಡ್ಡ ಬಾಟಲಿ, ದೊಡ್ಡ ಕಂಪ್ರೆಸರ್ ಬೇಕು. ಬಂದರಿನೊಳಗೆ ಎಂಜಿನ್ನನ್ನು ಹಲವು ಸಲ ನಿಲ್ಲಿಸಿ ಶುರುಮಾಡಬೇಕಾದಾಗ ಬಾಟಲಿ ಬರಿದಾಗುವ ಹಾಗಿಲ್ಲ.

ಯುದ್ಧನೌಕೆಗಳ ಕಷ್ಟ ಬೇರೆ. ಅವುಗಳ ಎಂಜಿನ್ ಪೂರ್ಣ ಶಕ್ತಿಗೆ ಕಟ್ಟಿದ್ದು, ಆಯುಷ್ಯದ ಬಹುಪಾಲು ಓಡುವುದು ಗಸ್ತಿನ ನಿಧಾನ ವೇಗದಲ್ಲಿ. ದಿಗಂತದಲ್ಲಿ ಏಳುವ ಹೊಗೆ ಶತ್ರುವಿಗೆ ಕೊಟ್ಟ ಸುಳಿವು. ಇದಕ್ಕೆ ಬಂದ ಉತ್ತರ ಸೀಕ್ವೆನ್ಶಿಯಲ್ ಟರ್ಬೊಚಾರ್ಜಿಂಗ್. ಎರಡೋ ಹೆಚ್ಚೋ ಟರ್ಬೊಗಳಿರುವ ಎಂಜಿನ್ನಿನಲ್ಲಿ ಕಡಿಮೆ ಲೋಡಿದ್ದಾಗ ಫ್ಲ್ಯಾಪುಗಳನ್ನು ಮುಚ್ಚಿ ಒಂದನ್ನು ಪೂರ್ತಿ ಬೇರ್ಪಡಿಸುತ್ತಾರೆ. ಇರುವ ಎಕ್ಸಾಸ್ಟೆಲ್ಲ ಉಳಿದದ್ದಕ್ಕೆ ಹೋಗಿ ಅದು ಜೋರಾಗಿ ತಿರುಗುತ್ತದೆ, ಸಿಲಿಂಡರಿಗೆ ಗಾಳಿ ತುಂಬುತ್ತದೆ. ಶಕ್ತಿ ಬೇಕಾದಾಗ ಫ್ಲ್ಯಾಪ್ ತೆರೆದು ಇನ್ನೊಂದನ್ನು ಸೇರಿಸುತ್ತಾರೆ. ಜರ್ಮನಿಯ ಎಂಟಿಯು, ಫ್ರಾನ್ಸಿನ ಪೀಲ್‌ಸ್ಟಿಕ್ ಇದನ್ನು ನೆಚ್ಚಿಕೊಂಡು ಬೆಳೆಸಿದವು. ನಮ್ಮ ನೌಕಾಪಡೆಯ ಶಿವಾಲಿಕ್ ವರ್ಗದ ಫ್ರಿಗೇಟುಗಳಲ್ಲೂ ಕಮೋರ್ತ ವರ್ಗದ ಕಾರ್ವೆಟ್ಟುಗಳಲ್ಲೂ ಇರುವ ಪೀಲ್‌ಸ್ಟಿಕ್ ಪಿಎ6 ಎಸ್‌ಟಿಸಿ ಎಂಜಿನ್ನಿನ ಹೆಸರಿನ ಕೊನೆಯ ಮೂರು ಅಕ್ಷರ ಈ ಪದ್ಧತಿಯದೇ. ಕಡಿಮೆ ಲೋಡಿನಲ್ಲಿ ದೀರ್ಘಕಾಲ ಮಸಿ ಕಟ್ಟದೆ ಓಡುವ ಶಕ್ತಿಯಿಂದಾಗಿ, ಎಲ್ಲ ಗಾಳಿಯ ಉಪಾಯಗಳಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಇದು. ಫ್ಲ್ಯಾಪ್ ಬದಲಾಗುವ ಘಳಿಗೆಯಲ್ಲಿ ಎಂಜಿನ್ ತಡವರಿಸದಂತೆ ನೋಡಿಕೊಳ್ಳುವುದೇ ಅದರ ಕಷ್ಟದ ಭಾಗ. ಬಿಸಿ ಎಕ್ಸಾಸ್ಟಿನಲ್ಲಿ ನಿಂತ ಫ್ಲ್ಯಾಪ್ ಮಸಿ ಹಿಡಿದು ಸಿಕ್ಕಿಕೊಂಡರೆ ಇಡೀ ಏರ್ಪಾಟೇ ನಿಂತಂತೆ.

ಇದೇ ತತ್ವ 2008ರ ನಂತರ ದೊಡ್ಡ ಕಂಟೇನರ್ ಹಡಗುಗಳಿಗೂ ಬಂತು. ವ್ಯಾಪಾರ ಕುಸಿದು, ಎಣ್ಣೆ ಉಳಿಸಲೆಂದು ಹಡಗುಗಳು ವೇಗ ತಗ್ಗಿಸಿ ಓಡತೊಡಗಿದಾಗ ಮೂರು ನಾಲ್ಕು ಟರ್ಬೊಗಳಿರುವ ಎಂಜಿನ್‌ಗಳಲ್ಲಿ ಒಂದನ್ನು ಮುಚ್ಚಿಟ್ಟರು. ಸ್ಕ್ಯಾವೆಂಜ್ ಒತ್ತಡ ಏರಿತು, ಬ್ಲೋವರುಗಳು ನಿಂತವು, ಎಣ್ಣೆಯೂ ಉಳಿಯಿತು. ಇನ್ನು ಕೆಲವು ಕಡೆ ಟರ್ಬೊವನ್ನು ಕಡಿಮೆ ಲೋಡಿಗೆ ಹೊಂದುವಂತೆ ಚಿಕ್ಕದಾಗಿ ಆರಿಸಿ, ಪೂರ್ಣ ಲೋಡಿನಲ್ಲಿ ಹೆಚ್ಚಾದ ಎಕ್ಸಾಸ್ಟನ್ನು ವೇಸ್ಟ್‌ಗೇಟಿನಿಂದ ಹೊರಗೆ ಬಿಡುತ್ತಾರೆ. ಟರ್ಬೈನಿನ ನಾಝಲ್ ಅಲಗುಗಳನ್ನೇ ತಿರುಗಿಸಿ ದಾರಿಯನ್ನು ಕಿರಿದು ಅಗಲ ಮಾಡುವ ವಿಧಾನವೂ ಇದೆ. ಶುದ್ಧ ಎಣ್ಣೆಯಲ್ಲಿ ಅದು ಸೊಗಸಾಗಿ ನಡೆಯುತ್ತದೆ, ಭಾರ ಎಣ್ಣೆಯ ಮಸಿ ಮತ್ತು ಬೂದಿಯಲ್ಲಿ ಅಲಗುಗಳು ಅಂಟಿಕೊಳ್ಳುವ ಭಯ ಇದ್ದೇ ಇದೆ. ಎಣ್ಣೆಯ ಕಡೆಯಿಂದ ಬಂದ ಸಹಾಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. 2001ರಲ್ಲಿ ಜಿಪ್ಸಮ್ ಸೆಂಟೆನಿಯಲ್ ಎಂಬ ಹಡಗಿಗೆ ಬಂದ ಸುಲ್ಜರ್ ಆರ್‌ಟಿ-ಫ್ಲೆಕ್ಸ್ ಎಂಜಿನ್ನಿನಿಂದ ಮೊದಲಾಗಿ, ಕಾಮನ್ ರೇಲ್ ಪದ್ಧತಿ ತೀರ ನಿಧಾನದ ಸುತ್ತಿನಲ್ಲೂ ಪೂರ್ಣ ಒತ್ತಡದಲ್ಲಿ ಸಿಂಪಡಿಸಿ, ಇದ್ದ ಗಾಳಿಯನ್ನೇ ಚೆನ್ನಾಗಿ ಬಳಸುತ್ತದೆ.

ಈಗ ಒಂದು ತೊಡಕಿನ ಕಡೆಗೆ ಬರಬೇಕು. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ವಾಯುಮಾಲಿನ್ಯ ನಿಯಮಗಳು 2005ರ ಮೇ ತಿಂಗಳಲ್ಲಿ ಜಾರಿಗೆ ಬಂದವು. ಅವು ಸಾರಜನಕದ ಆಕ್ಸೈಡುಗಳಿಗೆ ಮಿತಿ ಹಾಕಿದವು, 2011ರಲ್ಲಿ ಹೊಸ ಎಂಜಿನ್‌ಗಳಿಗೆ ಮಿತಿ ಮತ್ತೂ ಬಿಗಿಯಾಯಿತು. ಆಕ್ಸೈಡು ಹುಟ್ಟುವುದು ಉರಿ ತುಂಬ ಬಿಸಿಯಾದಾಗ. ಮಸಿ ಸುಟ್ಟುಹೋಗಲು ಬೇಕಾದದ್ದೂ ಅದೇ ಬಿಸಿ. ಒಂದನ್ನು ಒತ್ತಿದರೆ ಇನ್ನೊಂದು ಮೇಲೇಳುತ್ತದೆ. ಇಲ್ಲಿ ಎಂಜಿನಿಯರುಗಳು ಹಿಡಿದ ದಾರಿ ಮಿಲ್ಲರ್ ಪದ್ಧತಿ: ಇನ್‌ಟೇಕ್ ವಾಲ್ವನ್ನು ಬೇಗನೆ ಮುಚ್ಚಿ, ಒಳಬಂದ ಗಾಳಿ ಸಿಲಿಂಡರಿನಲ್ಲೇ ಹಿಗ್ಗಿ ತಣ್ಣಗಾಗುವಂತೆ ಮಾಡುವುದು. ಪೂರ್ಣ ಲೋಡಿನಲ್ಲಿ ಟರ್ಬೊ ಹೆಚ್ಚು ಒತ್ತಡ ಕೊಟ್ಟು ಈ ನಷ್ಟವನ್ನು ತುಂಬಿಕೊಡುತ್ತದೆ. ಕಡಿಮೆ ಲೋಡಿನಲ್ಲಿ ಟರ್ಬೊ ಬಳಿ ಕೊಡಲು ಒತ್ತಡವೇ ಇಲ್ಲ. ಆಗ ಬೇಗ ಮುಚ್ಚಿದ ವಾಲ್ವಿನಿಂದ ಗಾಳಿ ಕಡಿಮೆ, ಒತ್ತಿದ ಮೇಲಿನ ಬಿಸಿಯೂ ಕಡಿಮೆ, ಹೊಗೆ ಹೆಚ್ಚು. ಆಕ್ಸೈಡಿನ ನಿಯಮವನ್ನು ಪಾಲಿಸಿದ ಎಂಜಿನ್ ಬಂದರಿನಲ್ಲಿ ಹೆಚ್ಚು ಹೊಗೆ ಬಿಡುವ ಸ್ಥಿತಿ.

ಬಿಡಿಸಿಕೊಳ್ಳಲು ವಾಲ್ವಿನ ವೇಳೆಯನ್ನೇ ಬದಲಿಸಬಲ್ಲ ಏರ್ಪಾಟುಗಳು ಬಂದವು. ವಾರ್ಟ್‌ಸಿಲಾ ತನ್ನ ಎಂಜಿನ್‌ಗಳಲ್ಲಿ ಕಡಿಮೆ ಲೋಡಿಗೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವಂತೆ ಮಾಡಿತು. ಮಾಕ್ ಎಂಜಿನ್‌ಗಳಲ್ಲಿ ಕ್ಯಾಮಿನ ಲಿವರನ್ನು ಸರಿಸಿ ವಾಲ್ವಿನ ವೇಳೆ, ಎಣ್ಣೆಯ ವೇಳೆ ಎರಡನ್ನೂ ಒಟ್ಟಿಗೆ ಬದಲಿಸಿದರು. ಎರಡು ಹಂತದ ಟರ್ಬೊಚಾರ್ಜಿಂಗ್ ಜೊತೆ ತೀವ್ರ ಮಿಲ್ಲರ್ ಪದ್ಧತಿ ಬಳಸುವ ಎಂಜಿನ್ನಿಗೆ ಇಂಥ ಹೊಂದಾಣಿಕೆ ಇಲ್ಲದೆ ಶುರುವಾಗುವುದೇ ಕಷ್ಟ. ನನ್ನ ಎಣಿಕೆಯಲ್ಲಿ ಕಳೆದ ಎರಡು ದಶಕಗಳ ಗಾಳಿಯ ಹತೋಟಿಯಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು. ಎರಡು ಮಾಲಿನ್ಯಗಳ ನಡುವಿನ ಜಗಳವನ್ನು ಇದು ಪೂರ್ತಿ ತೀರಿಸದಿದ್ದರೂ, ಎರಡನ್ನೂ ಬೇರೆ ಬೇರೆ ಲೋಡಿಗೆ ಹಂಚಿ ಸಂಭಾಳಿಸುತ್ತದೆ.

ಗಾಳಿಯ ಪ್ರಮಾಣದಷ್ಟೇ ಅದರ ಬಿಸಿಯೂ ಮುಖ್ಯ. ಒತ್ತಿದ ಗಾಳಿ ಕಂಪ್ರೆಸರಿನಿಂದ 200 ಡಿಗ್ರಿಯ ಆಸುಪಾಸಿನಲ್ಲಿ ಹೊರಬರುತ್ತದೆ. ಏರ್ ಕೂಲರ್ ಅದನ್ನು ಐವತ್ತರ ಹತ್ತಿರಕ್ಕೆ ಇಳಿಸುತ್ತದೆ, ತಣ್ಣಗಾದಷ್ಟೂ ಅದೇ ಜಾಗದಲ್ಲಿ ಹೆಚ್ಚು ಆಮ್ಲಜನಕ ಹಿಡಿಸುತ್ತದೆ. ಆದರೆ ಕಡಿಮೆ ಲೋಡಿನಲ್ಲಿ ತಣ್ಣನೆ ಗಾಳಿ ಕೊಟ್ಟರೆ ಎಣ್ಣೆ ಹೊತ್ತಿಕೊಳ್ಳಲು ತಡವಾಗಿ ಬಿಳಿ ಹೊಗೆ ಏಳುತ್ತದೆ. ಅದಕ್ಕೇ ಎರಡು ಭಾಗದ ಕೂಲರಿನಲ್ಲಿ ಕಡಿಮೆ ಲೋಡಿಗೆ ತಣ್ಣೀರನ್ನು ತಡೆದು, ಸಿಲಿಂಡರ್ ಜಾಕೆಟ್ಟಿನ ಬಿಸಿನೀರು ಹಾಯಿಸಿ ಗಾಳಿಯನ್ನು ಬಿಸಿಮಾಡುತ್ತಾರೆ. ನಮ್ಮ ಕರಾವಳಿಗೆ ಇನ್ನೊಂದು ತೊಂದರೆಯಿದೆ. ಎಂಜಿನ್ನಿನ ಶಕ್ತಿಯನ್ನು ಕಾಗದದ ಮೇಲೆ ಅಳೆಯುವ ಐಎಸ್‌ಒ ಮಾನದಂಡ 25 ಡಿಗ್ರಿ ಗಾಳಿಯದು. ವರ್ಗೀಕರಣ ಸಂಸ್ಥೆಗಳು ಉಷ್ಣವಲಯಕ್ಕೆಂದು ಹಿಡಿಯುವುದು 45 ಡಿಗ್ರಿ ಗಾಳಿ, 32 ಡಿಗ್ರಿ ಸಮುದ್ರದ ನೀರು. ಏಪ್ರಿಲ್ ಮೇ ತಿಂಗಳ ಅರಬ್ಬಿ ಸಮುದ್ರದಲ್ಲಿ ಎಂಜಿನ್ ರೂಮಿನ ಗಾಳಿ ಈ ಎರಡನೆಯ ಲೆಕ್ಕದ ಹತ್ತಿರವೇ ಇರುತ್ತದೆ. ಯುರೋಪಿನ ಚಳಿಯಲ್ಲಿ ಹೊಗೆಯಿಲ್ಲದೆ ಓಡಿದ ಎಂಜಿನ್ ಇಲ್ಲಿ ಅದೇ ರ‍್ಯಾಕಿನಲ್ಲಿ ಹೊಗೆಯಾಡಿದರೆ ಅಚ್ಚರಿಪಡಬೇಕಾಗಿಲ್ಲ. ಎಂಜಿನ್ ರೂಮಿನ ಫ್ಯಾನಿನ ಗಾಳಿಯನ್ನು ಟರ್ಬೊದ ಬಾಯಿಯ ಹತ್ತಿರಕ್ಕೇ ಡಕ್ಟಿನಲ್ಲಿ ತರುವುದು ಇಲ್ಲಿ ಅಗತ್ಯ.

ಅಳತೆಯ ವಿಷಯದಲ್ಲಿ ನನಗೆ ಒಂದು ಬಲವಾದ ತಕರಾರಿದೆ. ಹೊಗೆಯ ಕಪ್ಪನ್ನು ಅಳೆಯಲು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ರಿಂಗೆಲ್ಮನ್ ಮಾಡಿದ ಗೆರೆಗಳ ಪಟ್ಟಿ ಇಂದಿಗೂ ಬಳಕೆಯಲ್ಲಿದೆ; ಒಂದೊಂದು ಅಂಕೆಯೂ ಇಪ್ಪತ್ತು ಪ್ರತಿಶತ ಕಪ್ಪು. ಎಂಜಿನ್ ಪರೀಕ್ಷೆಯಲ್ಲಿ ಬಿಳಿ ಕಾಗದದ ಮೂಲಕ ಎಕ್ಸಾಸ್ಟ್ ಎಳೆದು ಮಸಿಯ ಗುರುತನ್ನು ಓದುವ ಫಿಲ್ಟರ್ ಸ್ಮೋಕ್ ನಂಬರ್ ಇದೆ. ಅದು ಅರ್ಧಕ್ಕಿಂತ ಕೆಳಗಿದ್ದರೆ ಹೊಗೆ ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ಅಲಾಸ್ಕ ರಾಜ್ಯ ತನ್ನ ತೀರದಿಂದ ಮೂರು ಮೈಲಿಯೊಳಗೆ ಹಡಗಿನ ಹೊಗೆಗೆ ಇಪ್ಪತ್ತು ಪ್ರತಿಶತದ ಮಿತಿ ಹಾಕಿದೆ. ಶುರುವಾಗುವಾಗ, ವೇಗ ಏರಿಸುವಾಗ ಸ್ವಲ್ಪ ಹೊತ್ತಿನ ವಿನಾಯಿತಿ ಉಂಟು, ಆದರೆ ಆ ಹೊತ್ತನ್ನೂ ಗಡಿಯಾರ ಹಿಡಿದು ಎಣಿಸುತ್ತಾರೆ. ಪ್ರವಾಸಿ ಹಡಗುಗಳಿಗಾಗಿ ಹೊಗೆ ಕಾಣದ ಎಂಜಿನ್‌ಗಳು ಬರಲು ಇಂಥ ನಿಯಮಗಳ ಒತ್ತಡವೂ ಕಾರಣ.

ಜಗತ್ತಿನ ಮಿಕ್ಕ ಕಡೆ ಹಡಗಿನ ಎಂಜಿನ್ನಿಗೆ ಪ್ರಮಾಣಪತ್ರ ಸಿಗುವುದು ಸ್ಥಿರ ಲೋಡಿನ ಪರೀಕ್ಷೆಯಿಂದ. ಪ್ರೊಪೆಲರ್ ತಿರುಗಿಸುವ ಎಂಜಿನ್ನಿಗೆ 100, 75, 50, 25 ಪ್ರತಿಶತ ಎಂದು ನಾಲ್ಕು ಬಿಂದು. ಅದರಲ್ಲಿ 75ರ ಬಿಂದುವಿಗೆ ಅರ್ಧದಷ್ಟು ತೂಕ, 25ಕ್ಕೆ ಶೇಕಡಾ 15 ಮಾತ್ರ. ಅಳೆಯುವುದು ಆಕ್ಸೈಡನ್ನು. ಒಂದು ಲೋಡಿನಿಂದ ಇನ್ನೊಂದಕ್ಕೆ ಏರುವಾಗ ಏನಾಗುತ್ತದೆ ಎಂಬುದು ಈ ಲೆಕ್ಕದೊಳಗೇ ಇಲ್ಲ. ಜನ ಉಸಿರಾಡುವ ಬಂದರಿನಲ್ಲಿ ಎಂಜಿನ್ ಮಾಡುವುದೆಲ್ಲ ಈ ಏರಿಳಿತವೇ, ಕಾಗದದ ಮೇಲೆ ಕಾಣದ್ದೂ ಅದೇ. ಗಂಧಕದ ಮಿತಿಯನ್ನು 2020ರಲ್ಲಿ ಅರ್ಧ ಪ್ರತಿಶತಕ್ಕೆ ಇಳಿಸಿದ್ದು ಒಳ್ಳೆಯದಾಯಿತು, ಆದರೆ ಅದು ಗಾಳಿ ತಡವಾಗುವುದನ್ನು ಸರಿಮಾಡುವುದಿಲ್ಲ. ಹಿಮದ ಮೇಲೆ ಕೂತು ಬಿಸಿಲನ್ನು ಹೀರುವ ಮಸಿಯ ಬಗ್ಗೆ ಆರ್ಕ್‌ಟಿಕ್ ಪ್ರದೇಶದ ಮಟ್ಟಿಗೆ ಚರ್ಚೆ ನಡೆದು, 2021ರಲ್ಲಿ ಶುದ್ಧ ಎಣ್ಣೆ ಬಳಸಿ ಎಂಬ ಸ್ವಯಂಪ್ರೇರಿತ ಕರೆ ಹೊರಟಿತು. ಲೋಡು ಬದಲಾಗುವಾಗಿನ ಹೊಗೆಯನ್ನೂ ಪರೀಕ್ಷೆಗೆ ಸೇರಿಸಿದರೆ ಮಾತ್ರ ಜೆಟ್ ಅಸಿಸ್ಟ್, ವಾಲ್ವಿನ ಹೊಂದಾಣಿಕೆಗಳು ಐಚ್ಛಿಕ ಪಟ್ಟಿಯಿಂದ ಎಲ್ಲ ಎಂಜಿನ್‌ಗಳಿಗೂ ಬರುತ್ತವೆ. ಅಲ್ಲಿಯ ತನಕ ಹಣ ಕೊಡಲು ಒಪ್ಪಿದ ಹಡಗಿನಲ್ಲಿ ಮಾತ್ರ ಅವು ಇರುತ್ತವೆ.

ಈ ಸಾಧನಗಳೆಲ್ಲ ಇದ್ದೂ ಹೊಗೆಯಾಡುವ ಹಡಗುಗಳಿವೆ, ಯಾವುದೂ ಇಲ್ಲದೆ ಶುದ್ಧವಾಗಿ ಓಡುವವೂ ಇವೆ. ವ್ಯತ್ಯಾಸ ಸಾಮಾನ್ಯವಾಗಿ ಕೊಳೆಯದು. ಏರ್ ಕೂಲರಿನ ಪಕ್ಕದಲ್ಲಿ ಯು ಆಕಾರದ ಒಂದು ಗಾಜಿನ ಕೊಳವೆ ಇರುತ್ತದೆ, ಒಳಗೆ ಬಣ್ಣದ ನೀರು. ಎರಡು ತೋಳುಗಳ ನೀರಿನ ಮಟ್ಟದ ಅಂತರವೇ ಕೂಲರ್ ದಾಟುವಾಗ ಗಾಳಿ ಕಳೆದುಕೊಳ್ಳುವ ಒತ್ತಡ. ಹೊಸದರಲ್ಲಿ ಎಷ್ಟಿತ್ತೋ ಅದನ್ನು ಬರೆದಿಟ್ಟುಕೊಂಡ ಚೀಫ್ ಎಂಜಿನಿಯರಿಗೆ ಅಂತರ ಏರುತ್ತಿರುವುದು ಕಂಡ ಕೂಡಲೆ ಕೂಲರಿನ ರೆಕ್ಕೆಗಳ ನಡುವೆ ಎಣ್ಣೆ ಮತ್ತು ಧೂಳು ಕಟ್ಟಿದೆ ಎಂದು ಗೊತ್ತಾಗುತ್ತದೆ. ಚಿಮಣಿ ಕಪ್ಪಾಗುವುದಕ್ಕೆ ವಾರಗಳ ಮೊದಲೇ ಆ ಕೊಳವೆ ಹೇಳಿರುತ್ತದೆ. ಎಕ್ಸಾಸ್ಟ್ ಬದಿಗೂ ಇದೇ ಮಾತು. ದೊಡ್ಡ ಟು-ಸ್ಟ್ರೋಕ್‌ಗಳಿಗೆ ಟರ್ಬೊ ನಂತರದ ಎದುರೊತ್ತಡ 300 ಮಿಲಿಮೀಟರ್ ನೀರಿನ ಮಟ್ಟ ದಾಟಬಾರದು ಎಂಬ ಲೆಕ್ಕವಿದೆ, ಮಸಿ ತುಂಬಿದ ಬಾಯ್ಲರೋ ಸ್ಕ್ರಬ್ಬರೋ ಅದನ್ನು ಸುಲಭವಾಗಿ ದಾಟಿಸುತ್ತದೆ. ಟರ್ಬೈನಿನ ಅಲಗುಗಳಿಗೆ ಅಂಟಿದ ಮಸಿಯನ್ನು ಎಂಜಿನ್ ಓಡುತ್ತಿರುವಾಗಲೇ ಅಕ್ರೋಟಿನ ಚಿಪ್ಪಿನ ಪುಡಿ ಹಾರಿಸಿ ಕೆರೆಯುವ, ಕಂಪ್ರೆಸರಿಗೆ ಸ್ವಲ್ಪ ನೀರು ಚಿಮುಕಿಸಿ ತೊಳೆಯುವ ರೂಢಿ ಹಳೆಯದು, ವೇಳಾಪಟ್ಟಿಯಂತೆ ಮಾಡಿದರೆ ಇವತ್ತಿಗೂ ಅದಕ್ಕೆ ಸಾಟಿಯಿಲ್ಲ.

ಮಲ್ಪೆಯಂಥ ಧಕ್ಕೆಯಲ್ಲಿ ಸಾಲಾಗಿ ನಿಂತ ದೋಣಿಗಳಿಗೆ ಸೀಕ್ವೆನ್ಶಿಯಲ್ ಟರ್ಬೊವೂ ಬೇಡ, ಜೆಟ್ ಅಸಿಸ್ಟೂ ಬೇಡ. ಫಿಲ್ಟರ್ ಕಾಲಕ್ಕೆ ಸರಿಯಾಗಿ ಬದಲಾಗಬೇಕು. ಟರ್ಬೊದಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸು ಬಿರುಕು ಬಿಟ್ಟಿಲ್ಲವೆಂದು ಸಾಬೂನು ನೀರು ಹಚ್ಚಿ ನೋಡಬೇಕು. ಇಕ್ಕಟ್ಟಾದ ಎಂಜಿನ್ ಕೋಣೆಗೆ ಹೊರಗಿನ ತಂಪು ಗಾಳಿ ಬರಲು ಸಾಕಷ್ಟು ದೊಡ್ಡ ದಾರಿ ಇರಬೇಕು, ಬಲೆ ಮತ್ತು ಕ್ರೇಟು ಪೇರಿಸಿ ಅದನ್ನು ಮುಚ್ಚಬಾರದು. ಪಂಪಿನ ಮೇಲಿನ ಆ ಡಬ್ಬಿಯ ಪೊರೆ ಹರಿದಿದ್ದರೆ ಹೊಸದನ್ನು ಹಾಕಿಸಬೇಕು, ಸ್ಪ್ರಿಂಗನ್ನು ಮುಟ್ಟಬಾರದು. ನಾಲ್ಕಕ್ಕೂ ಆಗುವ ಖರ್ಚು ಒಂದು ದಿನ ಮೀನಿಗೆ ಹೋಗಿಬರುವ ಡೀಸೆಲ್ಲಿನ ಖರ್ಚನ್ನು ದಾಟುವುದು ಅಪರೂಪ.